ಮೂರನೆಯವರು ನಿಂತರೆ ಯಾರ ಮತ ಒಡೆಯುತ್ತದೆ?

ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್, ಡೆಮಾಕ್ರಟಿಕ್ ಎರಡೂ ಪಕ್ಷಗಳ ಆಚೆಗಿನಿಂದ ಕಣಕ್ಕಿಳಿಯುವವರ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: 2000ರಲ್ಲಿ ರಾಲ್ಫ್ ನೇಡರ್ ನಿಲ್ಲದಿದ್ದರೆ ಅಲ್ ಗೋರ್ ಗೆದ್ದುಬಿಡುತ್ತಿದ್ದರು ಎನ್ನುತ್ತಾರೆ. ಇದು ಸೋತವರ ಸಮಾಧಾನದ ಮಾತೋ, ಲೆಕ್ಕಕ್ಕೂ ನಿಲ್ಲುವ ಮಾತೋ?

ಉತ್ತರ: ಲೆಕ್ಕಕ್ಕೂ ನಿಲ್ಲುತ್ತದೆ. ಆದರೆ ಜನ ಸಾಮಾನ್ಯವಾಗಿ ಹಾಕುವ ಲೆಕ್ಕದಿಂದಲ್ಲ.

ಆ ಚುನಾವಣೆ ತೀರ್ಮಾನವಾದದ್ದು ಫ್ಲಾರಿಡಾ ರಾಜ್ಯದಲ್ಲಿ. ಅಲ್ಲಿ ಗೆದ್ದ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಅವರಿಗೆ 29,12,790 ಮತ, ಡೆಮಾಕ್ರಟಿಕ್ ಪಕ್ಷದ ಗೋರ್ ಅವರಿಗೆ 29,12,253. ಅಂತರ 537. ಗ್ರೀನ್ ಪಕ್ಷದ ನೇಡರ್ ಅವರಿಗೆ 97,488. ಎಲ್ಲಿಯ 97 ಸಾವಿರ, ಎಲ್ಲಿಯ 537 ಎಂದು ಹೇಳಿ ಮಾತು ಮುಗಿಸುವವರೇ ಹೆಚ್ಚು. ಮೂರನೆಯವರ ಮತ ಗೆಲುವಿನ ಅಂತರಕ್ಕಿಂತ ದೊಡ್ಡದಾಗಿದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಹಾಗೆ ನೋಡಹೋದರೆ ಅದೇ ಫ್ಲಾರಿಡಾದಲ್ಲಿ 562 ಮತ ಪಡೆದ ಸೋಷಿಯಲಿಸ್ಟ್ ವರ್ಕರ್ಸ್ ಪಕ್ಷದವರೂ ಚುನಾವಣೆಯ ಫಲಿತಾಂಶ ತಿರುಗಿಸಿದವರೇ ಆಗುತ್ತಾರೆ.

ಸರಿಯಾದ ಲೆಕ್ಕಕ್ಕೆ ಎರಡು ಸಂಗತಿ ಬೇಕು. ಆ ಅಭ್ಯರ್ಥಿ ಇಲ್ಲದಿದ್ದರೆ ಅವರ ಮತದಾರರಲ್ಲಿ ಎಷ್ಟು ಜನ ಮತಗಟ್ಟೆಗೆ ಬರುತ್ತಿದ್ದರು ಎಂಬುದು ಒಂದು. ಬಂದವರು ಇಬ್ಬರ ನಡುವೆ ಹೇಗೆ ಹಂಚಿಹೋಗುತ್ತಿದ್ದರು ಎಂಬುದು ಇನ್ನೊಂದು. ಸೋತವರ ಕಡೆ ಹೋಗುವವರಲ್ಲಿ ಗೆದ್ದವರ ಕಡೆ ಹೋಗುವವರನ್ನು ಕಳೆದು ಉಳಿಯುವ ನಿವ್ವಳ ಮತವೇ ಮುಖ್ಯ. ಗೆಲುವಿನ ಅಂತರವನ್ನು ಮೂರನೆಯವರ ಒಟ್ಟು ಮತದಿಂದ ಭಾಗಿಸಿ. ಸಿಗುವ ಶೇಕಡಾವಾರು ಎಷ್ಟು ದೊಡ್ಡದೋ, ‘ಅವರೇ ಸೋಲಿಸಿದರು’ ಎನ್ನುವ ವಾದ ಅಷ್ಟು ಬಡವಾಗುತ್ತದೆ.

ಫ್ಲಾರಿಡಾದಲ್ಲಿ 537ನ್ನು 97,488ರಿಂದ ಭಾಗಿಸಿದರೆ ಬರುವುದು ಶೇ 0.55. ಅಲ್ಲಿನ ಮತಪತ್ರಗಳಲ್ಲಿ ಉಳಿದ ಹುದ್ದೆಗಳಿಗೆ ಯಾರಿಗೆ ಮತ ಬಿದ್ದಿದೆ ಎಂದು ಹೋಲಿಸಿ ನೋಡಿದ ರಾಜ್ಯಶಾಸ್ತ್ರಜ್ಞರು, ನೇಡರ್ ಇಲ್ಲದಿದ್ದರೂ ಮತಗಟ್ಟೆಗೆ ಬರುತ್ತಿದ್ದ ಅವರ ಮತದಾರರಲ್ಲಿ ಕನಿಷ್ಠ ಶೇ 40ರಷ್ಟು ಜನ ಬುಷ್ ಕಡೆಗೇ ಹೋಗುತ್ತಿದ್ದರು ಎಂದು ಕಂಡುಕೊಂಡರು. ಅಂದರೆ ನೇಡರ್ ಮತವೆಲ್ಲ ಗೋರ್ ಅವರ ಸ್ವತ್ತಾಗಿರಲಿಲ್ಲ. 60–40ರ ಹಂಚಿಕೆ ಎಂದೇ ಇಟ್ಟುಕೊಳ್ಳಿ, ಅದರ ಮೇಲೆ ಹತ್ತರಲ್ಲಿ ಒಂಬತ್ತು ಜನ ಮನೆಯಲ್ಲೇ ಉಳಿದರು ಎಂದೂ ಇಟ್ಟುಕೊಳ್ಳಿ. ಆಗಲೂ ಬರುವ ಸುಮಾರು 9,750 ಜನರಲ್ಲಿ ಗೋರ್‌ಗೆ ನಿವ್ವಳ 1,950 ಮತ ಸಿಗುತ್ತದೆ. 537ಕ್ಕೆ ಅದು ಧಾರಾಳವಾಯಿತು.

ಅದೇ ವರ್ಷದ ನ್ಯೂ ಹ್ಯಾಂಪ್‌ಷೈರ್ ನೋಡಿ. ಅಂತರ 7,211, ನೇಡರ್ ಮತ 22,198. ಅಧ್ಯಕ್ಷರನ್ನು ಕೊನೆಗೆ ಆರಿಸುವುದು ರಾಜ್ಯಗಳಿಂದ ಆಯ್ಕೆಯಾಗಿ ಬರುವ ಎಲೆಕ್ಟರ್ ಎಂಬ ಪ್ರತಿನಿಧಿಗಳು. ಈ ರಾಜ್ಯದ 4 ಎಲೆಕ್ಟರ್‌ಗಳು ಸಿಕ್ಕಿದ್ದರೂ ಗೋರ್ ಅಧ್ಯಕ್ಷರಾಗುತ್ತಿದ್ದರು. ಆದರೆ ಅದಕ್ಕೆ ಶೇ 32.5ರಷ್ಟು ನಿವ್ವಳ ಮತ ಬೇಕಿತ್ತು. 60–40ರ ಹಂಚಿಕೆಯಲ್ಲಿ, ಒಬ್ಬರೂ ಬಿಡದೆ ಎಲ್ಲರೂ ಬಂದರೂ ಸಿಗುವುದು ಶೇ 20. ಹೀಗಾಗಿ ನ್ಯೂ ಹ್ಯಾಂಪ್‌ಷೈರ್‌ನ ಸೋಲನ್ನು ನೇಡರ್ ತಲೆಗೆ ಕಟ್ಟುವುದು ಕಷ್ಟ.

ಫ್ಲಾರಿಡಾದ ಬಗ್ಗೆಯೇ ಇನ್ನೊಂದು ಮಾತು. ನೇಡರ್ ಹೆಸರಿನ ಗದ್ದಲದಲ್ಲಿ ಪಾಮ್ ಬೀಚ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಮತಪತ್ರ ಮರೆತುಹೋಗುತ್ತದೆ. ಅದು ಎರಡು ಪುಟ ಬಿಚ್ಚಿಟ್ಟ ಪುಸ್ತಕದಂತಿತ್ತು. ಹೆಸರುಗಳು ಎಡಕ್ಕೂ ಬಲಕ್ಕೂ, ಚುಚ್ಚಬೇಕಾದ ತೂತುಗಳು ಮಾತ್ರ ನಡುವೆ ಒಂದೇ ಸಾಲಿನಲ್ಲಿ. ಎಡಪುಟದಲ್ಲಿ ಮೊದಲ ಹೆಸರು ಬುಷ್, ಎರಡನೆಯದು ಗೋರ್. ಬಲಪುಟದ ಮೊದಲ ಹೆಸರು ರಿಫಾರ್ಮ್ ಪಕ್ಷದ ಪ್ಯಾಟ್ ಬುಕಾನನ್. ನಡುವಿನ ಸಾಲಿನಲ್ಲಿ ಮೊದಲ ತೂತು ಬುಷ್‌ಗೆ, ಎರಡನೆಯದು ಬುಕಾನನ್‌ಗೆ, ಮೂರನೆಯದು ಗೋರ್‌ಗೆ. ಎಡಪುಟ ನೋಡಿ ‘ನಮ್ಮವರು ಎರಡನೆಯವರು’ ಎಂದು ಎರಡನೇ ತೂತು ಚುಚ್ಚಿದವರ ಮತ ಬುಕಾನನ್ ಪಾಲಾಯಿತು. ರಾಜ್ಯದಲ್ಲಿ ಅವರಿಗೆ ಬಿದ್ದ 17,484 ಮತಗಳಲ್ಲಿ 3,407 ಈ ಒಂದೇ ಕೌಂಟಿಯವು. ಬೇರೆ ಯಾವ ಕೌಂಟಿಯೂ ಇದರ ಅರ್ಧಕ್ಕೂ ಬರಲಿಲ್ಲ. ಎರಡು ಕಡೆ ಚುಚ್ಚಿದ್ದರಿಂದ ತಿರಸ್ಕೃತವಾದ ಮತಪತ್ರಗಳೇ ಅಲ್ಲಿ 19 ಸಾವಿರ ದಾಟಿದವು. ಮತದಾರರ ಮನಸ್ಸು ಎಲ್ಲೂ ಒಡೆಯದಿದ್ದರೂ, ಪಟ್ಟಿಯಲ್ಲಿ ಮೂರನೆಯ ಹೆಸರುಗಳು ಇದ್ದುದರಿಂದಲೇ ಮತ ಚದುರಿತು.

ಪ್ರಶ್ನೆ: ಹಾಗಾದರೆ 2016ರಲ್ಲಿ ಹಿಲರಿ ಕ್ಲಿಂಟನ್ ಸೋತದ್ದು ಗ್ರೀನ್ ಪಕ್ಷದ ಜಿಲ್ ಸ್ಟೈನ್ ಅವರಿಂದಲೇ ತಾನೆ? ಮೂರು ರಾಜ್ಯಗಳಲ್ಲೂ ಸ್ಟೈನ್ ಮತ ಅಂತರಕ್ಕಿಂತ ಹೆಚ್ಚಿತ್ತಲ್ಲ?

ಉತ್ತರ: ಹೆಚ್ಚಿತ್ತು, ನಿಜ. ಮೇಲಿನ ಭಾಗಾಕಾರವನ್ನೇ ಇಲ್ಲೂ ಮಾಡಿ. ಮಿಷಿಗನ್‌ನಲ್ಲಿ ಅಂತರ 10,704, ಸ್ಟೈನ್ ಮತ 51,463, ಬೇಕಾದ ನಿವ್ವಳ ಶೇ 21. ವಿಸ್ಕಾನ್ಸಿನ್‌ನಲ್ಲಿ 22,748ಕ್ಕೆ 31,072, ಅಂದರೆ ಶೇ 73. ಪೆನ್ಸಿಲ್ವೇನಿಯಾದಲ್ಲಿ 44,292ಕ್ಕೆ 49,941, ಅಂದರೆ ಶೇ 89 ಹತ್ತಿರ. ಮಿಷಿಗನ್, ವಿಸ್ಕಾನ್ಸಿನ್ ಎರಡೇ ತಿರುಗಿದ್ದರೆ ಸಾಲುತ್ತಿರಲಿಲ್ಲ. ಡೊನಾಲ್ಡ್ ಟ್ರಂಪ್ ಗೆದ್ದಿದ್ದ 306 ಎಲೆಕ್ಟರ್‌ಗಳಲ್ಲಿ 26 ಹೋದರೂ 280 ಉಳಿಯುತ್ತಿತ್ತು, ಗೆಲ್ಲಲು 270 ಸಾಕು. ಆದ್ದರಿಂದ ಪೆನ್ಸಿಲ್ವೇನಿಯಾ ತಿರುಗಲೇಬೇಕಿತ್ತು. ಅಲ್ಲಿ ಸ್ಟೈನ್ ಮತದಾರರಲ್ಲಿ ನೂರಕ್ಕೆ 12 ಜನ ಮನೆಯಲ್ಲಿ ಉಳಿದರೂ ಲೆಕ್ಕ ತಪ್ಪುತ್ತದೆ, ಮಿಕ್ಕವರೆಲ್ಲ ಒಬ್ಬರೂ ಬಿಡದೆ ಕ್ಲಿಂಟನ್‌ಗೇ ಹಾಕಿದರೂ ಅಷ್ಟೆ. ಎರಡೂ ದೊಡ್ಡ ಪಕ್ಷ ಬೇಡವೆಂದು ಬಂದವರಿಂದ ಅಂಥ ಒಗ್ಗಟ್ಟು ನಿರೀಕ್ಷಿಸಲಾಗದು.

ಇನ್ನೊಂದು ತಪ್ಪು, ಮೂರನೆಯವರಲ್ಲಿ ತಮಗೆ ಬೇಕಾದ ಒಬ್ಬರನ್ನಷ್ಟೇ ಎಣಿಸುವುದು. ಅದೇ ಪೆನ್ಸಿಲ್ವೇನಿಯಾದಲ್ಲಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ 1,46,715 ಮತ ಪಡೆದಿದ್ದರು, ಸ್ಟೈನ್ ಅವರ ಸುಮಾರು ಮೂರು ಪಟ್ಟು. ರಿಪಬ್ಲಿಕನ್ ಪಕ್ಷದಿಂದ ನ್ಯೂ ಮೆಕ್ಸಿಕೊದ ಗವರ್ನರ್ ಆಗಿದ್ದವರು ಅವರು. ಸ್ಟೈನ್ ಅವರನ್ನು ತೆಗೆದು ಲೆಕ್ಕ ಹಾಕುವವರು ಜಾನ್ಸನ್ ಅವರನ್ನೂ ತೆಗೆಯಬೇಕು. ಆಗ ಫಲಿತಾಂಶ ಯಾವ ಕಡೆ ವಾಲುತ್ತಿತ್ತು ಎಂದು ಎದೆ ತಟ್ಟಿ ಹೇಳಲು ಆಗದು.

ಪ್ರಶ್ನೆ: 1992ರಲ್ಲಿ ಪಕ್ಷೇತರ ರಾಸ್ ಪೆರೊ ಶೇ 19 ಮತ ಪಡೆದರೂ ಒಬ್ಬ ಎಲೆಕ್ಟರ್ ಕೂಡ ಸಿಗಲಿಲ್ಲ. 1968ರಲ್ಲಿ ಜಾರ್ಜ್ ವಾಲೆಸ್ ಅದಕ್ಕಿಂತ ಕಡಿಮೆ ಮತಕ್ಕೆ 46 ಎಲೆಕ್ಟರ್ ಪಡೆದರು. ಹೇಗೆ?

ಉತ್ತರ: ಮತ ಎಷ್ಟು ಎನ್ನುವುದಕ್ಕಿಂತ ಎಲ್ಲಿ ಬಿತ್ತು ಎನ್ನುವುದು ಮುಖ್ಯ. ಒಟ್ಟು 538 ಎಲೆಕ್ಟರ್‌ಗಳಲ್ಲಿ 270 ಸಿಕ್ಕವರು ಅಧ್ಯಕ್ಷರು. 48 ರಾಜ್ಯಗಳಲ್ಲಿಯೂ ರಾಜಧಾನಿ ವಾಷಿಂಗ್ಟನ್‌ನಲ್ಲಿಯೂ ಒಂದು ಮತ ಮುಂದಿದ್ದವರಿಗೆ ಅಲ್ಲಿನ ಎಲ್ಲ ಎಲೆಕ್ಟರ್‌ಗಳೂ ಸಲ್ಲುತ್ತಾರೆ. ಮೇನ್ ಮತ್ತು ನೆಬ್ರಾಸ್ಕ ಮಾತ್ರ ಕಾಂಗ್ರೆಸ್ ಕ್ಷೇತ್ರವಾರು ಹಂಚುತ್ತವೆ.

ಪೆರೊ ಅವರ 1 ಕೋಟಿ 97 ಲಕ್ಷ ಮತ ದೇಶದ ತುಂಬ ತೆಳ್ಳಗೆ ಹರಡಿಕೊಂಡಿತ್ತು. ಮೇನ್‌ನಲ್ಲಿ ಶೇ 30 ದಾಟಿ ಎರಡನೇ ಸ್ಥಾನಕ್ಕೆ ಬಂದರು, ಅದಕ್ಕೂ ಫಲ ಸೊನ್ನೆ. ವಾಲೆಸ್ ಅವರ ಶೇ 13.5 ದಕ್ಷಿಣದಲ್ಲಿ ಗಟ್ಟಿಯಾಗಿ ನಿಂತಿತ್ತು. ಅಲಬಾಮ, ಜಾರ್ಜಿಯ, ಲೂಸಿಯಾನ, ಮಿಸಿಸಿಪ್ಪಿ, ಆರ್ಕನ್ಸಾ ಐದರಲ್ಲೂ ಅವರು ಮೊದಲಿಗರು. ಅದರಿಂದ 45 ಬಂತು. ಉತ್ತರ ಕೆರೊಲಿನಾದಲ್ಲಿ ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್‌ಗೆ ಹಾಕಬೇಕಿದ್ದ ಒಬ್ಬ ಎಲೆಕ್ಟರ್ ವಾಲೆಸ್‌ಗೆ ಹಾಕಿದ್ದರಿಂದ 46 ಆಯಿತು.

ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ 1948ರದು. ಮೂರನೆಯವರಾಗಿ ನಿಂತ ಸ್ಟ್ರಾಮ್ ಥರ್ಮಂಡ್, ಹೆನ್ರಿ ವಾಲೆಸ್ (ಮೇಲಿನ ಜಾರ್ಜ್ ವಾಲೆಸ್ ಅಲ್ಲ) ಇಬ್ಬರಿಗೂ ಸರಿಸುಮಾರು ಶೇ 2.4 ಮತ. ದಕ್ಷಿಣದ ನಾಲ್ಕು ರಾಜ್ಯ ಗೆದ್ದ ಥರ್ಮಂಡ್‌ಗೆ 39 ಎಲೆಕ್ಟರ್‌ಗಳು ಸಿಕ್ಕರು, ಹೆನ್ರಿ ವಾಲೆಸ್‌ಗೆ ಒಬ್ಬರೂ ಇಲ್ಲ. ಅಲಬಾಮದ ಮತಪತ್ರದಲ್ಲಂತೂ ಹಾಲಿ ಅಧ್ಯಕ್ಷ ಟ್ರೂಮನ್ ಅವರ ಹೆಸರೇ ಇರಲಿಲ್ಲ.

ಪೆರೊ ಅವರಿಂದ ಹಿರಿಯ ಬುಷ್ ಸೋತರು ಎಂಬ ಮಾತೂ ಚಾಲ್ತಿಯಲ್ಲಿದೆ. ಮತ ಹಾಕಿ ಹೊರಬಂದವರನ್ನು ಕೇಳಿದ ಸಮೀಕ್ಷೆಯಲ್ಲಿ, ಪೆರೊ ಇಲ್ಲದಿದ್ದರೆ ಶೇ 38ರಷ್ಟು ಜನ ಬಿಲ್ ಕ್ಲಿಂಟನ್‌ಗೆ, ಶೇ 38ರಷ್ಟು ಜನ ಬುಷ್‌ಗೆ ಹಾಕುತ್ತಿದ್ದೆವು ಎಂದರು. ನಿವ್ವಳ ಸೊನ್ನೆ. ಮೂರನೆಯವರ ಮತ ದೊಡ್ಡದಾದಷ್ಟೂ ಅದು ಎಲ್ಲ ಬಗೆಯ ಜನರ ಮತವಾಗಿರುತ್ತದೆ, ಒಂದೇ ಕಡೆ ವಾಲುವುದು ಕಡಿಮೆ. 1912 ಇದಕ್ಕೆ ಅಪವಾದ. ಆಗ ರಿಪಬ್ಲಿಕನ್ ಪಕ್ಷವೇ ನಡುವೆ ಸೀಳಿತ್ತು. ಸಮಾವೇಶದಲ್ಲಿ ಟಿಕೆಟ್ ಸಿಗದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹೊಸ ಪಕ್ಷ ಕಟ್ಟಿ ಶೇ 27.4 ಪಡೆದರು. ಹಾಲಿ ಅಧ್ಯಕ್ಷ ಟಾಫ್ಟ್ ಶೇ 23.2ಕ್ಕೆ ಇಳಿದು ಎರಡೇ ರಾಜ್ಯ, 8 ಎಲೆಕ್ಟರ್ ಗೆದ್ದರು. ಶೇ 41.8 ಪಡೆದ ವುಡ್ರೊ ವಿಲ್ಸನ್‌ಗೆ 435.

ಪ್ರಶ್ನೆ: ಮೂರನೆಯವರಿಂದಾಗಿ ಯಾರಿಗೂ 270 ಬರದಿದ್ದರೆ?

ಉತ್ತರ: ಸಂವಿಧಾನದ 12ನೇ ತಿದ್ದುಪಡಿಯಂತೆ, ಆಗ ಪ್ರತಿನಿಧಿ ಸಭೆ ಅಧ್ಯಕ್ಷರನ್ನು ಆರಿಸುತ್ತದೆ. ಎಲೆಕ್ಟರ್ ಮತ ಪಡೆದವರಲ್ಲಿ ಮೊದಲ ಮೂವರು ಮಾತ್ರ ಕಣದಲ್ಲಿ ಉಳಿಯುತ್ತಾರೆ. ಜನರ ಮತ ಎಷ್ಟೇ ಬಿದ್ದಿರಲಿ, ಎಲೆಕ್ಟರ್ ಸಿಗದವರು ಇಲ್ಲಿಗೆ ಬರುವ ಹಾಗಿಲ್ಲ. 435 ಸದಸ್ಯರಿದ್ದರೂ ಮತ ಇರುವುದು ರಾಜ್ಯಕ್ಕೊಂದು: 52 ಸದಸ್ಯರ ಕ್ಯಾಲಿಫೋರ್ನಿಯಕ್ಕೂ ಒಂದೇ, ಒಬ್ಬರೇ ಸದಸ್ಯರಿರುವ ವಯೋಮಿಂಗ್‌ಗೂ ಒಂದೇ. ಒಂದು ರಾಜ್ಯದ ಸದಸ್ಯರು ಸಮಸಮ ಒಡೆದರೆ ಆ ರಾಜ್ಯದ ಮತ ಲೆಕ್ಕಕ್ಕಿಲ್ಲ. 26 ರಾಜ್ಯ ಒಲಿಸಿಕೊಂಡವರು ಗೆದ್ದರು. ಉಪಾಧ್ಯಕ್ಷರನ್ನು ಮೊದಲ ಇಬ್ಬರಲ್ಲಿ ಸೆನೆಟ್ ಆರಿಸುತ್ತದೆ. ಜನವರಿ 20ರ ಹೊತ್ತಿಗೂ ಪ್ರತಿನಿಧಿ ಸಭೆಯಲ್ಲಿ ಬಗೆಹರಿಯದಿದ್ದರೆ, ಸೆನೆಟ್ ಆರಿಸಿದ ಉಪಾಧ್ಯಕ್ಷರು ಅಲ್ಲಿಯತನಕ ಅಧ್ಯಕ್ಷರ ಕೆಲಸ ನೋಡಿಕೊಳ್ಳುತ್ತಾರೆ.

ಈ ತಿದ್ದುಪಡಿಯ ಪ್ರಕಾರ ಅಧ್ಯಕ್ಷರ ಆಯ್ಕೆ ಸಭೆಗೆ ಹೋದದ್ದು ಒಂದೇ ಸಲ, 1825ರಲ್ಲಿ. ಆಂಡ್ರ್ಯೂ ಜಾಕ್ಸನ್‌ಗೆ 99, ಜಾನ್ ಕ್ವಿನ್ಸಿ ಆಡಮ್ಸ್‌ಗೆ 84, ಕ್ರಾಫರ್ಡ್‌ಗೆ 41, ಹೆನ್ರಿ ಕ್ಲೇ ಅವರಿಗೆ 37 ಎಲೆಕ್ಟರ್‌ಗಳಿದ್ದರು. ನಾಲ್ಕನೆಯವರಾದ ಕ್ಲೇ ಹೊರಬಿದ್ದರು, ಆದರೆ ಅವರೇ ಸಭಾಧ್ಯಕ್ಷರು. ಅವರ ಬೆಂಬಲದಿಂದ ಆಡಮ್ಸ್ ಗೆದ್ದರು, ಮುಂದೆ ಕ್ಲೇ ವಿದೇಶಾಂಗ ಮಂತ್ರಿಯಾದರು. 1968ರಲ್ಲಿ ವಾಲೆಸ್ ಕಣ್ಣಿಟ್ಟಿದ್ದೂ ಇಂಥದೇ ಚೌಕಾಸಿಯ ಮೇಲೆ. ನಿಕ್ಸನ್‌ಗೆ 301 ಸಿಕ್ಕಿದ್ದರಿಂದ ಅದಕ್ಕೆ ಅವಕಾಶ ಬರಲಿಲ್ಲ.

ಪ್ರಶ್ನೆ: ಪಕ್ಷೇತರರೊಬ್ಬರು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕಾದರೆ ಏನೇನು ಮಾಡಬೇಕು? ಒಂದು ನಾಮಪತ್ರ ಕೊಟ್ಟರೆ ಸಾಲದೇ?

ಉತ್ತರ: ಸಾಲದು. ಇಡೀ ದೇಶಕ್ಕೆ ಒಂದೇ ನಾಮಪತ್ರ ಎಂಬುದು ಅಲ್ಲಿಲ್ಲ. 50 ರಾಜ್ಯ, ಮೇಲೆ ರಾಜಧಾನಿ, ಒಟ್ಟು 51 ಕಡೆ ಬೇರೆ ಬೇರೆ ನಮೂನೆ, ಬೇರೆ ಬೇರೆ ಗಡುವು. ಮೂರನೆಯವರ ಹಣ, ಸಮಯ, ಕಾರ್ಯಕರ್ತರ ಶಕ್ತಿ ಎಲ್ಲ ಕರಗುವುದು ಇಲ್ಲೇ. ಪ್ರಚಾರ ಶುರುವಾಗುವ ಹೊತ್ತಿಗೆ ಅವರು ಅರ್ಧ ಸೋತಿರುತ್ತಾರೆ.

ಮೊದಲು ಯಾವ ದಾರಿ ಎಂದು ನಿರ್ಧರಿಸಬೇಕು. ಕಳೆದ ಚುನಾವಣೆಯಲ್ಲಿ ನಿಗದಿತ ಪ್ರಮಾಣದ ಮತ ಪಡೆದು ಮಾನ್ಯತೆ ಉಳಿಸಿಕೊಂಡಿರುವ ಸಣ್ಣ ಪಕ್ಷದ ಟಿಕೆಟ್ ಸಿಕ್ಕರೆ ಆ ರಾಜ್ಯದಲ್ಲಿ ಸಹಿ ಸಂಗ್ರಹದ ಗೋಜಿಲ್ಲ. ಇಲ್ಲದಿದ್ದರೆ ಹೊಸ ಪಕ್ಷ ನೋಂದಾಯಿಸಬೇಕು, ಇಲ್ಲವೇ ಪಕ್ಷೇತರರಾಗಿ ಸಹಿ ತರಬೇಕು. ಟೆನೆಸಿಯಲ್ಲಿ ಪಕ್ಷೇತರರಿಗೆ 275 ಸಹಿ ಸಾಕು, ಲೂಸಿಯಾನದಲ್ಲಿ 500 ಡಾಲರ್ ಶುಲ್ಕ ಕಟ್ಟಿದರೂ ಆಯಿತು. ನ್ಯೂಯಾರ್ಕ್‌ನಲ್ಲಿ ಆರು ವಾರದಲ್ಲಿ 45 ಸಾವಿರ ಬೇಕು. ಟೆಕ್ಸಸ್‌ನಲ್ಲಿ 2024ಕ್ಕೆ ಬೇಕಾದದ್ದು 1,13,151. ಅದೂ ಮಾರ್ಚ್‌ನ ಪ್ರೈಮರಿ (ಪಕ್ಷಗಳು ಅಭ್ಯರ್ಥಿ ಆರಿಸಲು ನಡೆಸುವ ಚುನಾವಣೆ) ಮುಗಿದ ಮೇಲೆ ಶುರು ಮಾಡಿ ಮೇ ತಿಂಗಳಲ್ಲಿ ಒಪ್ಪಿಸಬೇಕು, ಪ್ರೈಮರಿಯಲ್ಲಿ ಮತ ಹಾಕಿದವರ ಸಹಿ ಸಲ್ಲದು. ರಾಜಕೀಯದಲ್ಲಿ ಆಸಕ್ತಿ ಇರುವವರೇ ಪ್ರೈಮರಿಗೆ ಹೋಗಿಬಿಟ್ಟಿರುತ್ತಾರೆ. ಉಳಿದವರಲ್ಲಿ ಸಹಿ ಹುಡುಕುವುದು ಎಷ್ಟು ಕಷ್ಟ, ನೀವೇ ಯೋಚಿಸಿ.

ಸಹಿಯ ಜೊತೆ ಎಲೆಕ್ಟರ್‌ಗಳ ಪಟ್ಟಿಯೂ ಬೇಕು. ಕ್ಯಾಲಿಫೋರ್ನಿಯದಲ್ಲಿ ನಿಲ್ಲುವುದಾದರೆ ಅಲ್ಲಿನ 54 ಜನ ನಿವಾಸಿಗಳ ಹೆಸರು. ಅನೇಕ ಕಡೆ ಉಪಾಧ್ಯಕ್ಷ ಅಭ್ಯರ್ಥಿಯ ಹೆಸರಿಲ್ಲದೆ ಸಹಿ ಹಾಳೆಯೇ ಸಿದ್ಧವಾಗುವುದಿಲ್ಲ.

ಸಹಿಗಳು ಬಿದ್ದುಹೋಗುವುದಕ್ಕೆ ಕಾರಣ ಸಾಮಾನ್ಯವಾಗಿ ಸಣ್ಣಪುಟ್ಟವು. ಸಹಿ ಹಾಕಿದವರು ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ, ಮನೆ ಬದಲಿಸಿ ಹಳೆಯ ವಿಳಾಸದಲ್ಲೇ ನೋಂದಣಿ ಉಳಿದಿರುತ್ತದೆ, ಒಬ್ಬರೇ ಎರಡು ಕಡೆ ಸಹಿ ಮಾಡಿರುತ್ತಾರೆ, ಒಂದು ಕೌಂಟಿಯ ಹಾಳೆಯಲ್ಲಿ ಪಕ್ಕದ ಕೌಂಟಿಯವರ ಸಹಿ ಸೇರಿರುತ್ತದೆ, ಸಹಿ ಸಂಗ್ರಹಿಸಿದವರು ಕೊಡಬೇಕಾದ ಪ್ರಮಾಣ ಹೇಳಿಕೆಯಲ್ಲಿ ದಿನಾಂಕ ಬಿಟ್ಟುಹೋಗಿರುತ್ತದೆ. ಕೊನೆಯ ತಪ್ಪಿಗೆ ಇಡೀ ಹಾಳೆಯೇ ಹೋಗಬಹುದು. ಅದಕ್ಕೇ ಅನುಭವಿಗಳು ಬೇಕಾದ ಸಂಖ್ಯೆಯ ಒಂದೂವರೆ ಪಟ್ಟು ತಂದಿಟ್ಟುಕೊಳ್ಳುತ್ತಾರೆ. ದೊಡ್ಡ ಪಕ್ಷದ ವಕೀಲರು ಒಂದೊಂದು ಸಹಿಯನ್ನೂ ಪ್ರಶ್ನಿಸಲು ಕಾದಿರುತ್ತಾರೆ.

2024ರಲ್ಲಿ ನೆವಾಡದಲ್ಲಿ ನಡೆದದ್ದು ನಿಜಕ್ಕೂ ಬೇಸರದ ಸಂಗತಿ. ಗ್ರೀನ್ ಪಕ್ಷದವರಿಗೆ ರಾಜ್ಯದ ಚುನಾವಣಾ ಅಧಿಕಾರಿಗಳ ಕಚೇರಿಯಿಂದಲೇ ತಪ್ಪು ನಮೂನೆ ಹೋಗಿತ್ತು. ಸಹಿ ಹಾಕಿದವರು ಆಯಾ ಕೌಂಟಿಯ ನೋಂದಾಯಿತ ಮತದಾರರೆಂದು ನಂಬಿದ್ದೇನೆ ಎಂಬ ಸಾಲು ಆ ಪ್ರಮಾಣ ಹೇಳಿಕೆಯಲ್ಲಿ ಇರಲಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ ಹೆಸರು ಕೈಬಿಡಲು ಆದೇಶಿಸಿತು, ದೇಶದ ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ, ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿ ಅವರು ವಾಸವಿಲ್ಲವೆಂದು ಪಕ್ಷೇತರ ರಾಬರ್ಟ್ ಎಫ್. ಕೆನಡಿ ಜೂನಿಯರ್ ಹೆಸರನ್ನು ಕೋರ್ಟ್ ತೆಗೆಸಿತು. ಅರ್ಜಿಯ ಮೇಲಿನ ವಿಳಾಸ ಸಣ್ಣ ವಿವರವೆಂದು ಯಾರೂ ಎಣಿಸಬಾರದು.

ಪ್ರಶ್ನೆ: ನಡುವೆ ಹಿಂದೆ ಸರಿದವರ ಹೆಸರು ಮತಪತ್ರದಲ್ಲಿ ಉಳಿದರೆ?

ಉತ್ತರ: ಉಳಿದರೆ ಮತ ಬೀಳುತ್ತದೆ, ಎಣಿಕೆಯೂ ಆಗುತ್ತದೆ. ಕೆನಡಿ 2024ರ ಆಗಸ್ಟ್ 23ರಂದು ಪ್ರಚಾರ ನಿಲ್ಲಿಸಿ ಟ್ರಂಪ್‌ಗೆ ಬೆಂಬಲ ಕೊಟ್ಟರು. ಮಿಷಿಗನ್, ವಿಸ್ಕಾನ್ಸಿನ್ ಎರಡರಲ್ಲೂ ಹೆಸರು ತೆಗೆಸಲು ಆಗಲಿಲ್ಲ. ವಿಸ್ಕಾನ್ಸಿನ್ ಕಾನೂನಿನಲ್ಲಿ, ಒಮ್ಮೆ ಅರ್ಹರಾದ ಅಭ್ಯರ್ಥಿ ತೀರಿಕೊಂಡರೆ ಮಾತ್ರ ಹೆಸರು ಹೋಗುತ್ತದೆ. ಅಲ್ಲಿ ಅವರಿಗೆ 17 ಸಾವಿರಕ್ಕೂ ಹೆಚ್ಚು ಮತ ಬಿತ್ತು. ಉತ್ತರ ಕೆರೊಲಿನಾದಲ್ಲಿ ಕೋರ್ಟ್ ಹೆಸರು ತೆಗೆಸಿತು, ಆದರೆ ಅಷ್ಟರಲ್ಲಿ ಮತಪತ್ರ ಅಚ್ಚಾಗಿತ್ತು. ಮತ್ತೆ ಅಚ್ಚು ಹಾಕಿಸಿ ಅಂಚೆ ಮತಪತ್ರ ಕಳಿಸುವುದು ತಡವಾಯಿತು.

ಪ್ರಶ್ನೆ: ಸಮೀಕ್ಷೆಯಲ್ಲಿ ಶೇ 10–20 ಕಾಣುವವರು ಮತ ಎಣಿಕೆಯ ದಿನ ಕರಗಿಹೋಗುವುದು ಏಕೆ?

ಉತ್ತರ: ಬೇಸಿಗೆಯಲ್ಲಿ ಸಮೀಕ್ಷೆಯವರಿಗೆ ಕೊಡುವ ಉತ್ತರ ಅಸಮಾಧಾನದ ಉತ್ತರ. ನವೆಂಬರ್‌ನಲ್ಲಿ ಹಾಕುವ ಮತ ಭಯದ ಮತ: ಇವರಿಗೆ ಹಾಕಿ ವ್ಯರ್ಥ ಮಾಡಿದರೆ ಬೇಡದವರು ಬಂದುಬಿಡುತ್ತಾರೇನೋ ಎಂಬ ಅಂಜಿಕೆ. 1992ರ ಜೂನ್‌ನಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಪೆರೊ ಶೇ 39ರೊಂದಿಗೆ ಎಲ್ಲರಿಗಿಂತ ಮುಂದಿದ್ದರು. ಜುಲೈನಲ್ಲಿ ಹಿಂದೆ ಸರಿದು ಅಕ್ಟೋಬರ್ 1ರಂದು ಮತ್ತೆ ಬಂದದ್ದು ಅವರೇ ಮಾಡಿಕೊಂಡ ಪೆಟ್ಟು. ಆದರೂ ಶೇ 19ರ ತನಕ ಏರಿದ್ದಕ್ಕೆ ಮೂರೂ ಟಿವಿ ಚರ್ಚೆಗಳಲ್ಲಿ ಜಾಗ ಸಿಕ್ಕಿದ್ದು ದೊಡ್ಡ ಕಾರಣ. 1996ರಲ್ಲಿ ಅವರನ್ನು ಚರ್ಚೆಗೆ ಕರೆಯಲಿಲ್ಲ, ಮತ ಶೇ 8.4ಕ್ಕೆ ಇಳಿಯಿತು. 2000ದಿಂದ ಈ ಚರ್ಚೆಗಳನ್ನು ನಡೆಸುತ್ತಿದ್ದ ಆಯೋಗ ಐದು ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಸರಾಸರಿ ಶೇ 15 ಇರಬೇಕೆಂದು ಇಟ್ಟ ನಿಯಮವನ್ನು ಯಾವ ಮೂರನೆಯವರೂ ದಾಟಿಲ್ಲ. ಟಿವಿಯಲ್ಲಿ ಕಾಣದೆ ಶೇ 15 ಬರುವುದಿಲ್ಲ, ಶೇ 15 ಬರದೆ ಟಿವಿಯಲ್ಲಿ ಕಾಣುವುದಿಲ್ಲ.

ಪ್ರಶ್ನೆ: ಗೆಲ್ಲುವುದಿಲ್ಲ ಎಂದು ಗೊತ್ತಿದ್ದೂ ‘ಶೇ 5 ಕೊಡಿ’ ಎಂದು ಕೇಳುತ್ತಾರಲ್ಲ, ಅದರಲ್ಲೇನಿದೆ?

ಉತ್ತರ: ದುಡ್ಡಿದೆ. ದೇಶದಾದ್ಯಂತ ಶೇ 5 ದಾಟಿದರೆ ಮುಂದಿನ ಚುನಾವಣೆಗೆ ಸರ್ಕಾರದ ನಿಧಿ. ಲೆಕ್ಕ ಹೀಗೆ: ಸಣ್ಣ ಪಕ್ಷದ ಮತವನ್ನು ಎರಡು ದೊಡ್ಡ ಪಕ್ಷಗಳ ಸರಾಸರಿ ಮತದಿಂದ ಭಾಗಿಸಿ, ದೊಡ್ಡ ಪಕ್ಷಕ್ಕೆ ಸಲ್ಲುವ ಮೊತ್ತದಿಂದ ಗುಣಿಸುವುದು. 1992ರಲ್ಲಿ ಪೆರೊ ಮತ 1.97 ಕೋಟಿ, ದೊಡ್ಡವರ ಸರಾಸರಿ 4.2 ಕೋಟಿ, ಅಂದರೆ ಶೇ 47. 1996ರಲ್ಲಿ ದೊಡ್ಡ ಪಕ್ಷಕ್ಕೆ ಸಿಗುತ್ತಿದ್ದದ್ದು 6.18 ಕೋಟಿ ಡಾಲರ್. ಹೀಗೆ ಪೆರೊ ಅವರಿಗೆ 2.9 ಕೋಟಿ ಡಾಲರ್ ಬಂತು. 2000ದಲ್ಲಿ ಪೆರೊ ಕಟ್ಟಿದ್ದ ರಿಫಾರ್ಮ್ ಪಕ್ಷದ ಬುಕಾನನ್‌ಗೆ 1.26 ಕೋಟಿ ಡಾಲರ್ ಸಿಕ್ಕರೂ ಮತ ಬಂದದ್ದು ಶೇ 0.4, ಅಲ್ಲಿಗೆ ಆ ಬಾಗಿಲೂ ಮುಚ್ಚಿತು. ನೇಡರ್ ಕೂಡ ಇದೇ ಶೇ 5ರ ಆಸೆಯಲ್ಲಿದ್ದರು, ಶೇ 2.7ಕ್ಕೆ ನಿಂತರು.

ಪ್ರಶ್ನೆ: ಮಗಳು, ಅಳಿಯ ಇಬ್ಬರೂ ಈಗ ಅಲ್ಲಿನ ಪ್ರಜೆಗಳು, ಮಿಷಿಗನ್‌ನಲ್ಲಿ ಮತ ಇದೆ. ಎರಡೂ ಪಕ್ಷ ಬೇಡ, ಮೂರನೆಯವರಿಗೇ ಹಾಕುತ್ತೇವೆ ಅನ್ನುತ್ತಾರೆ. ಅದು ವ್ಯರ್ಥವಲ್ಲವೇ?

ಉತ್ತರ: ಮನಸ್ಸೊಪ್ಪಿ ಹಾಕಿದ ಮತವನ್ನು ವ್ಯರ್ಥ ಎನ್ನಲು ನಮ್ಮ ಮನಸ್ಸು ಒಪ್ಪದು. ಆದರೆ ಅದರ ತೂಕ ಎಲ್ಲ ರಾಜ್ಯಗಳಲ್ಲೂ ಒಂದೇ ಅಲ್ಲ ಎಂಬುದನ್ನು ಅವರು ತಿಳಿದಿರಬೇಕು. ಅಂತರ ಹತ್ತಾರು ಲಕ್ಷ ಇರುವ ಕ್ಯಾಲಿಫೋರ್ನಿಯದಲ್ಲಿ ಮೂರನೆಯವರಿಗೆ ಹಾಕಿದ ಮತ ಫಲಿತಾಂಶ ಬದಲಿಸುವುದಿಲ್ಲ, ಪಕ್ಷದ ಶೇ 5ಕ್ಕೆ ಮಾತ್ರ ಸೇರುತ್ತದೆ. ಮಿಷಿಗನ್ 10,704 ಮತದಲ್ಲಿ ತೀರ್ಮಾನವಾದದ್ದುಂಟು. ಇಬ್ಬರು ದೊಡ್ಡವರಲ್ಲಿ ಯಾರು ಬಂದರೂ ತಮಗೆ ಒಂದೇ ಎನ್ನುವಂತಿದ್ದರೆ ಮೂರನೆಯವರಿಗೆ ಹಾಕುವುದರಿಂದ ಅವರು ಕಳೆದುಕೊಳ್ಳುವುದು ಏನೂ ಇಲ್ಲ. ಒಬ್ಬರು ಬರಲೇಬಾರದು ಎನ್ನುವಂತಿದ್ದರೆ ಮಿಷಿಗನ್‌ನಲ್ಲಿ ಅದಕ್ಕೆ ಬೆಲೆ ತೆರಬೇಕಾಗಬಹುದು.

ಪಟ್ಟಿಯಲ್ಲಿ ಇಲ್ಲದವರ ಹೆಸರನ್ನು ಕೈಯಲ್ಲಿ ಬರೆಯುವ ಯೋಚನೆ ಇದ್ದರೆ, ಆ ವ್ಯಕ್ತಿ ರಾಜ್ಯದಲ್ಲಿ ಮುಂಚಿತವಾಗಿ ನೋಂದಾಯಿಸಿದ್ದಾರೆಯೇ ಎಂದು ಮೊದಲು ನೋಡಲಿ. ಇಲ್ಲದಿದ್ದರೆ ಬಹುತೇಕ ರಾಜ್ಯಗಳಲ್ಲಿ ಅದನ್ನು ಎಣಿಸುವುದೇ ಇಲ್ಲ. ಒಕ್ಲಹೋಮ, ದಕ್ಷಿಣ ಡಕೋಟದಂಥ ಕಡೆ ಬರೆಯುವ ಅವಕಾಶವೇ ಇಲ್ಲ.

ಈ ಇಕ್ಕಟ್ಟು ಇಲ್ಲದ ರಾಜ್ಯ ಎರಡು. ಮೇನ್‌ನಲ್ಲಿ 2020ರಿಂದ, ಅಲಾಸ್ಕದಲ್ಲಿ 2024ರಲ್ಲಿ ಅಧ್ಯಕ್ಷರಿಗೂ ಆದ್ಯತೆಯ ಮತ ಬಂದಿದೆ. ಇಷ್ಟದವರಿಗೆ 1, ಅವರಾಗದಿದ್ದರೆ ಇನ್ನೊಬ್ಬರಿಗೆ 2 ಎಂದು ಗುರುತು ಹಾಕುವುದು. ಯಾರಿಗೂ ಅರ್ಧ ದಾಟದಿದ್ದರೆ ಕೊನೆಯವರನ್ನು ತೆಗೆದು ಅವರ ಮತದಾರರ ಎರಡನೇ ಆಯ್ಕೆ ಎಣಿಸುತ್ತಾರೆ. 2018ರಲ್ಲಿ ಮೇನ್‌ನ ಎರಡನೇ ಕಾಂಗ್ರೆಸ್ ಕ್ಷೇತ್ರದಲ್ಲಿ, ಮೊದಲ ಎಣಿಕೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮತ ಹಿಂದಿದ್ದ ಜೇರೆಡ್ ಗೋಲ್ಡನ್, ಪಕ್ಷೇತರರಿಬ್ಬರ ಮತ ಹಂಚಿಕೆಯಾದ ಮೇಲೆ ಗೆದ್ದರು. ಒಂದೇ ಎಚ್ಚರಿಕೆ: ಮುಂದಿನ ಆಯ್ಕೆಗಳನ್ನೆಲ್ಲ ಖಾಲಿ ಬಿಟ್ಟರೆ, ಮೊದಲ ಆಯ್ಕೆಯವರು ಹೊರಬಿದ್ದ ಕೂಡಲೇ ಆ ಮತಪತ್ರ ಎಣಿಕೆಯಿಂದ ಆಚೆ ಹೋಗುತ್ತದೆ. ಮಿಷಿಗನ್‌ನಲ್ಲಿ ಅಧ್ಯಕ್ಷರ ಆಯ್ಕೆಗೆ ಈ ಪದ್ಧತಿ ಇನ್ನೂ ಬಂದಿಲ್ಲ, ನಿಮ್ಮ ಮಗಳು, ಅಳಿಯ ಹಾಕುವ ಗುರುತು ಅಲ್ಲಿ ಒಂದೇ.